‘ದ’ ಕದ್ದವನ ಹೇಳಿಕೆ

ಹೋದ ತಿಂಗಳು ಒಂದು ಭಾನುವಾರ, ಮಧ್ಯಾಹ್ನದ ಊಟ ಮುಗಿಸಿ ಕೈ ತೊಳೆಯುತ್ತಿದ್ದಾಗ, ನನ್ನ ಹೆಂಡತಿ ನನ್ನ ಮೇಲೆ ಕಳ್ಳತನದ ಆರೋಪ ಹೊರಿಸಿದಳು. ಕದ್ದ ಮಾಲು ಒಂದು ಅಕ್ಷರ. ಕದ್ದು ಇಪ್ಪತ್ತೆಂಟು ವರ್ಷ ಆಗಿಹೋಗಿದೆ. ಅವಳು ಕೇಳಿದ ಧಾಟಿ ಮಾತ್ರ, ಡಬ್ಬಿಗೆ ಕೈ ಹಾಕಿ ಸಕ್ಕರೆ ಮುಕ್ಕುತ್ತಿದ್ದವನನ್ನು ಈಗತಾನೇ ಹಿಡಿದ ಹಾಗಿತ್ತು.

“ರೀ, ಒಂದು ಕೇಳ್ತೀನಿ. ಸುತ್ತಿ ಬಳಸಿ ಹೇಳ್ಬೇಡಿ. ನನ್ನ ಟೇಪಿನಿಂದ ‘ದ’ ತೆಗೆದಿದ್ದು ನೀವೇ ತಾನೆ?”

“ಯಾವ ‘ದ’?”

“ತೆಗೆದವರೇ ಹೀಗೆ ಕೇಳೋದು,” ಅಂದಳು.

ಅವಳ ವಿಚಾರ ಗೊತ್ತಿಲ್ಲದವರಿಗೆ ಇದು ತಮಾಷೆಯಾಗಿ ಕಾಣಬಹುದು. ಕಚೇರಿಯಲ್ಲಿ ಅವಳನ್ನು ಎಲ್ಲರೂ ಕೊಕ್ಕೆ ಮೇಡಂ ಎನ್ನುತ್ತಾರೆ, ಅದೂ ಎದುರಿಗೇ. ಅವಳಿಗೂ ಅದೊಂದು ಬಿರುದು ಇದ್ದ ಹಾಗೆ. ನೌಕರರ ಮೇಲಿನ ದೂರುಗಳ ವಿಚಾರಣೆ ನಡೆಯುವ ಕಚೇರಿ ಅದು. ಒಳಗಿನ ಕೋಣೆಯಲ್ಲಿ ಯಾರೋ ಯಾರನ್ನೋ ಪ್ರಶ್ನೆ ಕೇಳುತ್ತಾರೆ, ಅದೆಲ್ಲ ರೆಕಾರ್ಡ್ ಆಗುತ್ತದೆ. ಹೊರಗಿನ ಕೋಣೆಯಲ್ಲಿ ಇವಳು ಹೆಡ್‌ಫೋನ್ ಹಾಕಿಕೊಂಡು ಕೂತು ಅದನ್ನು ಟೈಪ್ ಮಾಡುತ್ತಾಳೆ. ಕಾಲಡಿ ಒಂದು ಪೆಡಲ್ ಇದೆ. ಮುಂಗಾಲಲ್ಲಿ ಒತ್ತಿದರೆ ಮಾತು ಮುಂದೆ ಓಡುತ್ತದೆ, ಹಿಮ್ಮಡಿಯಲ್ಲಿ ಒತ್ತಿದರೆ ಹಿಂದಕ್ಕೆ ಸರಿಯುತ್ತದೆ. ಇಪ್ಪತ್ತಾರು ವರ್ಷ ಹೀಗೆ ಜನರ ಮಾತನ್ನು ಹಿಂದೆ ಮುಂದೆ ಎಳೆದಾಡಿ ಅವಳಿಗೆ ಒಂದು ವಿದ್ಯೆ ಒಲಿದುಬಿಟ್ಟಿದೆ. ಯಾರು ಎಲ್ಲಿ ಉಗುಳು ನುಂಗಿದರು, ಯಾರ ‘ಹೌದು’ ಅರ್ಧ ಕ್ಷಣ ತಡವಾಗಿ ಬಂತು, ಎಲ್ಲವೂ ಗೊತ್ತಾಗುತ್ತದೆ. ಒಂದು ಸಲ, ಈ ರೆಕಾರ್ಡನ್ನು ಯಾರೋ ನಡುವೆ ನಿಲ್ಲಿಸಿ ಮತ್ತೆ ಶುರು ಮಾಡಿದ್ದಾರೆ ಎಂದು ಹಟ ಹಿಡಿದಳು. ಅಧಿಕಾರಿ ಒಪ್ಪಲಿಲ್ಲ. ಹಿಂದೆ ಕೇಳಿಸುತ್ತಿದ್ದ ಗೋಡೆ ಗಡಿಯಾರದ ಟಿಕ್ ಟಿಕ್ ಒಂದು ಕಡೆ ಲಯ ತಪ್ಪಿದ್ದನ್ನು ಮೇಜು ಕುಟ್ಟಿ ತೋರಿಸಿದ ಮೇಲೆ ಅವರು ತೆಪ್ಪಗಾದರು.

ಇಂಥ ಕಿವಿಯ ಜೊತೆ ಸಂಸಾರ ಮಾಡುವವನ ಪಾಡು ನನಗೇ ಗೊತ್ತು. ಸಾರು ಚೆನ್ನಾಗಿದೆ ಎಂದು ಬಾಯ್ತಪ್ಪಿ ಹೇಳಿದರೆ “ಯಾಕೆ, ಏನಾಯ್ತು?” ಎನ್ನುತ್ತಾಳೆ. ಹಾಲಿನವನು ನಕ್ಕರೆ ಹಾಲಿಗೆ ನೀರು ಬೆರೆಸಿದ್ದಾನೆ ಎಂದರ್ಥ, ನಗದಿದ್ದರೆ ನೀರಿಗೆ ಹಾಲು ಬೆರೆಸಿದ್ದಾನೆ ಎಂದರ್ಥ. ಮನೆಗೆ ಬೀಗ ಹಾಕಿ ಬೀದಿ ತಿರುವಿನ ತನಕ ಹೋಗಿ, ವಾಪಸ್ ಬಂದು ಬೀಗ ಜಗ್ಗಿ ನೋಡುತ್ತಾಳೆ. ಜಗ್ಗಿದ್ದಕ್ಕೇ ಬೀಗ ಸಡಿಲವಾಗಿರಬಹುದೆಂದು ಇನ್ನೊಮ್ಮೆ ಜಗ್ಗುತ್ತಾಳೆ. ನಾನು ಆ ಹೊತ್ತಿಗೆ ಬೀದಿಯ ನಾಯಿಗಳ ಯೋಗಕ್ಷೇಮ ವಿಚಾರಿಸಿ ಮುಗಿಸಿರುತ್ತೇನೆ.

ಈ ‘ದ’ ಪ್ರಕರಣ ಶುರುವಾದದ್ದು ಮಗಳಿಂದ. ಹಲ್ಲಿನ ಡಾಕ್ಟರೊಬ್ಬರ ಕ್ಲಿನಿಕ್ಕಿನಲ್ಲಿ ಕೆಲಸ ಮಾಡುವ ಅವಳು, ಅಮ್ಮನ ಐವತ್ತೆರಡನೇ ಹುಟ್ಟುಹಬ್ಬಕ್ಕೆ ಏನು ಕೊಟ್ಟರೂ ಅದಕ್ಕೊಂದು ಕೊಕ್ಕೆ ಬೀಳುತ್ತದೆ ಎಂದು ತಿಳಿದು, ಕೊಕ್ಕೆಗೆ ಸಿಗದಂಥದ್ದೊಂದನ್ನು ಹುಡುಕಿದಳು. ಅಮ್ಮ ಹುಡುಗಿಯಾಗಿದ್ದಾಗ ಹುಚ್ಚು ಹಿಡಿದು ಕೇಳುತ್ತಿದ್ದ ಆಲ್ಬಮ್ ಅದು. ‘ತುಕ್ಕು’ ಎಂಬ ತಂಡದ ‘ಖಾಲಿ ಬಸ್ಸು’. ಕಂಪನಿಯವರು ಹಳೇ ರೆಕಾರ್ಡಿಂಗನ್ನು ಚೊಕ್ಕಟ ಮಾಡಿ ಹೊಸದಾಗಿ ಬಿಟ್ಟಿದ್ದರು. ಮಗಳು ಅದನ್ನು ಫೋನಿಗೆ ಹಾಕಿಸಿ, ಅಂಗೈಯಷ್ಟು ದೊಡ್ಡ ಸ್ಪೀಕರ್ ಒಂದನ್ನು ತಂದು ಊಟದ ಮೇಜಿನ ಮೇಲಿಟ್ಟಳು.

ಈಗ ಆ ಬಗೆಯ ಹಾಡುಗಳಿಗೆ ಆಲ್ಟರ್ನೇಟಿವ್ ರಾಕ್ ಎನ್ನುತ್ತಾರಂತೆ. ಆ ಕಾಲದ ಕ್ಯಾಸೆಟ್ ಅಂಗಡಿಯಲ್ಲಿ ಅದಕ್ಕೆ ಹೆಸರೇ ಇರಲಿಲ್ಲ. ‘ಇತರೆ’ ಎಂದು ಚೀಟಿ ಅಂಟಿಸಿದ ಖಾನೆಯಲ್ಲಿ, ವ್ಯಾಯಾಮ ಮಾಡುವ ವಿಧಾನದ ಕ್ಯಾಸೆಟ್ಟಿನ ಪಕ್ಕ ಕೂತಿರುತ್ತಿತ್ತು. ನನ್ನನ್ನು ಕೇಳಿದರೆ, ನಾಲ್ಕು ಜನ ಒಂದು ತಗಡಿನ ಶೆಡ್ಡಿನಲ್ಲಿ ಜಗಳವಾಡುತ್ತಿದ್ದಾಗ ಐದನೆಯವನು ಬೇಜಾರಾಗಿ ಗೊಣಗಿದ ಹಾಗೆ ಅದು ಕೇಳಿಸುತ್ತದೆ. ಅವಳ ಮಟ್ಟಿಗೆ ಆ ಗೊಣಗಾಟವೇ ಪ್ರಾಣ. ಟೈಪಿಂಗ್ ಕ್ಲಾಸು, ಮನೆ, ಅಕ್ಕನ ಮದುವೆಯ ಮಾತು, ಮತ್ತೆ ಟೈಪಿಂಗ್ ಕ್ಲಾಸು ಎಂದು ಓಡಾಡುತ್ತಿದ್ದ ಇಪ್ಪತ್ನಾಲ್ಕರ ಹುಡುಗಿಗೆ, ಸಿಹಿ ಸಿಹಿಯಾಗಿ ಸುಳ್ಳು ಹೇಳದ ಹಾಡು ಅದೊಂದೇ ಅನ್ನಿಸಿತ್ತಂತೆ. ಅನುಮಾನಕ್ಕೆ ಎಡೆಯಿಲ್ಲದ ವಸ್ತು ಅವಳ ಜೀವನದಲ್ಲಿ ಅದೊಂದೇ ಇತ್ತು ಎಂದು ಕಾಣುತ್ತದೆ.

ಹುಟ್ಟುಹಬ್ಬದ ಬೆಳಿಗ್ಗೆ ಮೊದಲ ಹಾಡಿಗೇ ಹುಬ್ಬು ಗಂಟಿಕ್ಕಿತು. “ಡ್ರಮ್ ಯಾಕೆ ತೊಳೆದಿಟ್ಟ ಪಾತ್ರೆ ತರ ಕೇಳ್ತಿದೆ?” ಅಂದಳು. ಎರಡನೆಯದಕ್ಕೆ, “ಯಾರೋ ಒಳಗೆ ಹೋಗಿ ಗುಡಿಸಿ ಸಾರಿಸಿ ಬಂದಿದ್ದಾರೆ.” ಆದರೂ ಪಾದ ತಾಳ ಹಾಕುತ್ತಿತ್ತು. ನಾಲ್ಕನೆಯ ಹಾಡಿನ ಹೊತ್ತಿಗೆ ಕಣ್ಣು ಮುಚ್ಚಿಕೊಂಡು ಕುರ್ಚಿಗೆ ಒರಗಿದ್ದಳು. ಅವಳ ಮುಖ ಅಷ್ಟು ಸಡಿಲವಾಗಿದ್ದನ್ನು ನಾನು ನೋಡಿ ವರ್ಷಗಳಾಗಿದ್ದವು. ನನಗೆ ನಿಜಕ್ಕೂ ಸಂತೋಷವಾಯಿತು.

ಎಂಟನೆಯ ಹಾಡು ಬಂತು. ಅವಳು ಥಟ್ಟನೆ ಕಣ್ಣು ಬಿಟ್ಟು ಫೋನ್ ಎಳೆದುಕೊಂಡು ಒಂದೇ ಸಾಲನ್ನು ನಾಲ್ಕು ಸಲ ಕೇಳಿದಳು. ಮೇಜಿನ ಕೆಳಗೆ ಅವಳ ಹಿಮ್ಮಡಿ, ಅಲ್ಲಿಲ್ಲದ ಪೆಡಲನ್ನು ಒತ್ತುತ್ತಿತ್ತು.

ಸ್ಪೀಕರಿನಲ್ಲಿ ಆ ಗೊಣಗುವವನು ಹೇಳುತ್ತಿದ್ದದ್ದು, ‘ಇಷ್ಟು ದಿನ ನೀನಿಲ್ಲದೇ ಇದ್ದೆ.’ ಅಂದರೆ, ನಿನ್ನ ಹಂಗಿಲ್ಲದೆ ನಾನು ಬದುಕಿದ್ದೆ ಎಂದು. ಅವಳು ಇಪ್ಪತ್ತೆಂಟು ವರ್ಷ ಕೇಳಿಕೊಂಡು ಬಂದದ್ದು, ‘ಇಷ್ಟು ದಿನ ನೀನಿಲ್ಲೇ ಇದ್ದೆ.’ ಅಂದರೆ, ನೀನು ಇಲ್ಲಿಯೇ ಇದ್ದೆ ಎಂದು. ನಮ್ಮ ಕನ್ನಡದ ‘ಇದ್ದೆ’ ‘ನಾನು’ ಎಂಬುದಕ್ಕೂ ಸಲ್ಲುತ್ತದೆ, ‘ನೀನು’ ಎಂಬುದಕ್ಕೂ ಸಲ್ಲುತ್ತದೆ. ನಡುವಿನ ‘ದ’ ಒಂದನ್ನು ಕಿತ್ತರೆ ಬಿಟ್ಟುಹೋದವಳು ಕಣ್ಣೆದುರಿಗೇ ಬಂದು ನಿಲ್ಲುತ್ತಾಳೆ.

ಮೊದಲ ಅನುಮಾನ ಬಿದ್ದದ್ದು ಕಂಪನಿಯ ಮೇಲೆ, ಗುಡಿಸಿ ಸಾರಿಸುವಾಗ ಪದವನ್ನೂ ಬದಲಾಯಿಸಿದ್ದಾರೆ ಎಂದು. ಮಗಳು, ತಂಡದವರು ಆಗ ಬರೆದಿಟ್ಟ ಹಾಡಿನ ಹಾಳೆಯ ಚಿತ್ರವನ್ನು ಫೋನಿನಲ್ಲಿ ಹುಡುಕಿ ತೋರಿಸಿದಳು. ಅದರಲ್ಲಿ ‘ದ’ ಸ್ಪಷ್ಟವಾಗಿ ಕೂತಿತ್ತು. ಎರಡನೆಯ ಅನುಮಾನ ಮಗಳ ಮೇಲೆಯೇ ಬಿತ್ತು, ಬೇರೆ ಯಾವುದೋ ತಂಡದ್ದನ್ನು ತಂದಿದ್ದಾಳೆ ಎಂದು. ಮಗಳು, “ಅಮ್ಮಾ, ನಿನಗೆ ಒಂದು ಸೀರೆ ಕೊಟ್ಟಿದ್ರೆ ಬರೀ ಬಣ್ಣದ ಬಗ್ಗೆ ಬೈತಿದ್ದೆ,” ಎಂದು ಕ್ಲಿನಿಕ್ಕಿಗೆ ಹೊರಟಳು. ಉಳಿದವನು ನಾನು. ಮೂರು ದಿನ ಅವಳು ಬಾಯಿಗೆ ಬೀಗ ಹಾಕಿಕೊಂಡು ತನಿಖೆ ನಡೆಸಿದ್ದಾಳೆ. ಭಾನುವಾರ ಆರೋಪಪಟ್ಟಿ ಬಂತು.

“ಆ ಟೇಪನ್ನ ರಿಪೇರಿ ಮಾಡಿದ್ದು ನೀವು. ಬೇರೆ ಯಾರ ಕೈಗೂ ಅದು ಹೋಗಿಲ್ಲ.”

ಅದು ನಿಜ. ಆಗ ನನ್ನದು ಒಂದು ಕಟ್ಟಡದ ಮೆಟ್ಟಿಲ ಕೆಳಗಿನ ಆರಡಿ ಅಂಗಡಿ. ಟೇಪ್ ರೆಕಾರ್ಡರ್ ರಿಪೇರಿ ನನ್ನ ಕಸುಬು. ಈಗ ಅದೇ ಜಾಗದಲ್ಲಿ ಮಿಕ್ಸಿ, ಸ್ಪೀಕರು, ಕಿವಿಯ ಯಂತ್ರ ನೋಡುತ್ತೇನೆ. ಅವಳು ಕ್ಯಾಸೆಟ್ ಕೊಂಡ ದಿನವೇ ಅವಳ ಮನೆಯ ಟೇಪ್ ರೆಕಾರ್ಡರ್ ಎರಡನೆಯ ಬದಿಯ ಶುರುವಿನಲ್ಲೇ ರೀಲನ್ನು ನುಂಗಿತ್ತು. ಹೊರಗೆ ನೇತಾಡುವ ಕರುಳಿನಂಥ ಅದನ್ನು ತಂದು ಮಾತಿಲ್ಲದೆ ನನ್ನ ಮುಂದಿಟ್ಟಿದ್ದಳು. ಇಂಥದ್ದಕ್ಕೆ ಮದ್ದು ಸುಲಭ. ಜಜ್ಜಿಹೋದ ತುಂಡನ್ನು ಬ್ಲೇಡಿನಿಂದ ಕತ್ತರಿಸಬೇಕು, ಎರಡು ತುದಿ ಸೇರಿಸಿ ಹಿಂದಿನಿಂದ ತೆಳ್ಳನೆಯ ಅಂಟುಪಟ್ಟಿ ಹಚ್ಚಬೇಕು. ಒಂದು ಸೆಂಟಿಮೀಟರ್ ಹೋದರೆ ಒಂದು ಅಕ್ಷರ ಹೋಗುತ್ತದೆ. ಗಿರಾಕಿಗೆ ತಿಳಿಯುವುದೇ ಇಲ್ಲ.

“ಜಜ್ಜಿದ ಕಡೆ ಕತ್ತರಿಸಿದ್ದೀನಿ ಕಣೇ. ಅದರಲ್ಲಿ ನಿನ್ನ ‘ದ’ ಇತ್ತೋ ‘ಧ’ ಇತ್ತೋ ನನಗೇನು ಗೊತ್ತು?”

“ಕೇಳ್ದೆ ಕತ್ತರಿಸ್ತಾರಾ?”

“ಗಿರಾಕಿಯ ಹಾಡನ್ನ ನಾವು ಕೇಳಲ್ಲ. ಹಾಡು ಕೇಳ್ತಾ ಕೂತ್ರೆ ದೋಷ ಕೇಳ್ಸಲ್ಲ. ಸ್ಪೀಡು ನೋಡ್ತೀವಿ, ಸದ್ದು ಏರಿಳಿಯುತ್ತಾ ನೋಡ್ತೀವಿ, ಅಷ್ಟೆ.”

ಅವಳು ನನ್ನ ಮುಖವನ್ನೇ ನೋಡುತ್ತ ನಿಂತಳು. ಸಾಕ್ಷಿ ಹೇಳುವವರು ಎಲ್ಲಿ ಉಗುಳು ನುಂಗುತ್ತಾರೆ ಎಂದು ನೋಡುವ ನೋಟ ಅದು. ನನ್ನ ದುರದೃಷ್ಟಕ್ಕೆ ಊಟ ಆಗಷ್ಟೇ ಮುಗಿದಿತ್ತು, ನುಂಗಿದೆ.

“ಹಾಗಾದ್ರೆ ಮಾರನೇ ದಿನ ನಾನು ಬಂದು ‘ಕೇಳಿಸ್ತು’ ಅಂದಾಗ, ನೀವು ಹೇಳಿದ್ದು?”

ನನಗೆ ಅದು ನೆನಪಿತ್ತು, ಯಾಕೆಂದರೆ ಅವಳು ನನ್ನೊಡನೆ ಆಡಿದ ಮೊದಲ ಮಾತು ಅದು. ಅಂಗಡಿಯ ಮುಂದೆ ನಿಂತು, “ಕೇಳಿಸ್ತು,” ಅಂದಿದ್ದಳು. ಟೇಪು ಸರಿಯಾಗಿ ಕೇಳುತ್ತಿದೆ ಎಂದು ತಿಳಿಸಲು ಬಂದಿದ್ದಾಳೆ, ಪಾಪ, ಒಳ್ಳೆಯ ಗಿರಾಕಿ ಎಂದುಕೊಂಡು ನಾನು ತಲೆಯೆತ್ತದೆ, “ಕೇಳಿಸ್ಲಿ ಅಂತಾನೇ ಮಾಡಿದ್ದು,” ಅಂದಿದ್ದೆ.

ಅಂದಿನ ಕತೆಯ ಅವಳ ಪಾಲಿನ ಅರ್ಧ ನನಗೆ ತಿಳಿದದ್ದು ಆ ಭಾನುವಾರವೇ. ಟೇಪನ್ನು ಮನೆಗೆ ಒಯ್ದು ಗುಂಡಿ ಒತ್ತಿದ್ದಾಳೆ. ನಾನು ಪರೀಕ್ಷೆ ಮಾಡುತ್ತ ಎಲ್ಲೋ ನಿಲ್ಲಿಸಿದ್ದ ಜಾಗದಿಂದ ಅದು ಶುರುವಾಗಿ, ಮೊದಲು ಕೇಳಿದ ಸಾಲೇ ‘ಇಷ್ಟು ದಿನ ನೀನಿಲ್ಲೇ ಇದ್ದೆ’. ದಿನವೂ ನನ್ನ ಅಂಗಡಿಯ ಮುಂದೆಯೇ ಅವಳು ಟೈಪಿಂಗ್ ಕ್ಲಾಸಿಗೆ ಹೋಗುತ್ತಿದ್ದಳು. ಇದು ಅಂಗಡಿಯವನು ತನಗೆ ಹೇಳಿ ಕಳಿಸಿದ ಮಾತು ಎಂದುಕೊಂಡಳು. ಮಾರನೇ ದಿನ ಬಂದು ಉತ್ತರ ಕೊಟ್ಟಳು. ನಾನೂ ಒಪ್ಪಿಗೆಯ ಮುದ್ರೆ ಒತ್ತಿಬಿಟ್ಟೆ.

ಇದನ್ನು ಕೇಳಿ ನನಗೆ ನಗು ಬರಬೇಕಿತ್ತು, ಬರಲಿಲ್ಲ. ನನ್ನೊಳಗೂ ಒಂದು ಅನುಮಾನ ಅಷ್ಟೂ ವರ್ಷದಿಂದ ಕೂತಿತ್ತು. ಹಾಲಿನವನ ನಗುವನ್ನೂ ನಂಬದ ಇಂಥ ಹೆಣ್ಣು, ಮೆಟ್ಟಿಲ ಕೆಳಗೆ ಕೂತ, ಅರ್ಧ ಓದಿದ, ಕೈಗೆಲ್ಲ ಎಣ್ಣೆ ಮೆತ್ತಿದ ನನ್ನನ್ನು ಒಂದೂ ಪ್ರಶ್ನೆ ಕೇಳದೆ ಯಾಕೆ ಒಪ್ಪಿದಳು? ಎಲ್ಲೋ ಮನಸ್ಸು ಮುರಿದು, ಹಟಕ್ಕೆ ಬಿದ್ದು, ಸಿಕ್ಕಿದವನನ್ನು ಕಟ್ಟಿಕೊಂಡಿರಬೇಕು ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಕೇಳಲು ಧೈರ್ಯ ಇರಲಿಲ್ಲ. ಈಗ ಉತ್ತರ ಸಿಕ್ಕಿತ್ತು, ಅದು ನಾನು ಅಂದುಕೊಂಡದ್ದಕ್ಕಿಂತ ಕೆಟ್ಟದಾಗಿತ್ತು. ಒಂದು ಸೆಂಟಿಮೀಟರ್ ರೀಲು ಜಜ್ಜಿಹೋಗಿದ್ದಕ್ಕೆ ಅವಳು ನನ್ನವಳಾದಳು.

“ಟೇಪು ಹಾಕಿ ಕೇಳೋಣ. ಕತ್ತರಿಸಿದ್ದು ನನಗೆ ಕೇಳಿಸುತ್ತೆ,” ಅಂದಳು.

ಬೀರುವಿನ ಮೇಲಿನ ಖಾನೆಯಿಂದ ಬಟ್ಟೆಯಲ್ಲಿ ಸುತ್ತಿದ್ದ ಕ್ಯಾಸೆಟ್ ಹೊರಬಂತು. ಅಂಗಡಿಯ ಅಟ್ಟದಲ್ಲಿ ನನ್ನ ಹಳೇ ಟೇಪ್ ಡೆಕ್ ಇತ್ತು, ಆದರೆ ಅದರ ರಬ್ಬರ್ ಬೆಲ್ಟು ಕರಗಿ ಅಂಟಾಗಿ ಚಕ್ರಕ್ಕೆ ಮೆತ್ತಿಕೊಂಡಿತ್ತು. ಹೊಸ ಬೆಲ್ಟಿಗೆ ಹೇಳಿ ಕಳಿಸಿದೆ. ಬರಲು ಒಂದು ವಾರ ಅಂದರು.

ಆ ವಾರ ನಮ್ಮ ಮನೆಯಲ್ಲಿ ಜಗಳವಾಗಲಿಲ್ಲ. ಆಗಿದ್ದರೆ ಒಳ್ಳೆಯದಿತ್ತು. ಹಾಲಿನವನು ನಕ್ಕ, ಅವಳು ಸುಮ್ಮನೆ ಪಾತ್ರೆ ಒಡ್ಡಿದಳು. ಮಂಗಳವಾರ ಬೀಗ ಹಾಕಿ ನೇರವಾಗಿ ಹೊರಟವಳು ತಿರುವಿನಿಂದ ವಾಪಸ್ ಬರಲೇ ಇಲ್ಲ. ಆಗ ನನಗೆ ಭಯವಾಯಿತು. ನಾನೇ ಹಿಂದೆ ಹೋಗಿ ಬೀಗ ಜಗ್ಗಿ ನೋಡಿದೆ. ಸಂಜೆ ಸೊಪ್ಪು ಬಿಡಿಸುತ್ತ ತನ್ನಷ್ಟಕ್ಕೆ, “ಯಾರೂ ಏನೂ ಹೇಳಿರ್ಲಿಲ್ಲ ಅಂತಾಯ್ತು,” ಅಂದಳು. ಬುಧವಾರ ಕಚೇರಿಯಿಂದ ಬಂದು, ಆವತ್ತು ಟೈಪ್ ಮಾಡಿದ ಹೇಳಿಕೆಯಲ್ಲಿ ಎರಡು ತಪ್ಪಾಯಿತು ಎಂದು ಹೇಳಿದಳು. ಇಪ್ಪತ್ತಾರು ವರ್ಷದಲ್ಲಿ ಅವಳು ಹಾಗೆ ಹೇಳಿದ್ದನ್ನು ನಾನು ಕೇಳಿರಲಿಲ್ಲ.

ಆಗ ನನಗೆ ಅರ್ಥವಾಯಿತು. ಅವಳು ನನ್ನನ್ನು ಅಪರಾಧಿ ಮಾಡಲು ಹೊರಟದ್ದು ಶಿಕ್ಷೆ ಕೊಡಲಿಕ್ಕಲ್ಲ. ನಾನು ಕದ್ದಿದ್ದರೆ ಅವಳು ಬಚಾವು. ಕದ್ದಿಲ್ಲದಿದ್ದರೆ ಅವಳನ್ನು ಯಾರೂ ಕರೆದಿರಲೇ ಇಲ್ಲ. ಜೀವಮಾನವಿಡೀ ಎಲ್ಲರನ್ನೂ ಅನುಮಾನಿಸಿದವಳು ಆ ಒಂದೇ ಒಂದು ಮಾತಿನ ಮೇಲೆ ಕಣ್ಣು ಮುಚ್ಚಿ ಕಾಲಿಟ್ಟಿದ್ದಳು.

ಗುರುವಾರ ಸಂಜೆ ಅವಳು ಬಟ್ಟೆ ಮಡಿಸುತ್ತಿದ್ದಾಗ ಪಕ್ಕದಲ್ಲಿ ಕೂತು ಒಂದು ಟವೆಲ್ ಕೈಗೆತ್ತಿಕೊಂಡೆ.

“ಏನು ಬೇಕಿತ್ತು?” ಅಂದಳು. ಟವೆಲ್ ಮಡಿಸಿದ್ದಕ್ಕೂ ಅನುಮಾನ.

“ಅವತ್ತು ಸುಳ್ಳು ಹೇಳ್ದೆ. ‘ದ’ ತೆಗೆದಿದ್ದು ನಾನೇ. ಬೇಕಂತ್ಲೇ.”

ಕೈ ನಿಂತಿತು. “ಹಾಡು ಕೇಳಲ್ಲ ಅಂದ್ರಿ.”

“ನಿನ್ನದು ಅಂತ ಕೇಳ್ದೆ. ದಿನಾ ಹೋಗ್ತಾ ಬರ್ತಾ ಇದ್ದೆಯಲ್ಲ. ಬಾಯಿಬಿಟ್ಟು ಹೇಳೋಕೆ ಆಗ್ಲಿಲ್ಲ, ಬ್ಲೇಡಿತ್ತು, ತೆಗೆದೆ.”

“ಮತ್ತೆ ಭಾನುವಾರ ಯಾಕೆ ಇಲ್ಲ ಅಂದಿದ್ದು?”

“ಈ ವಯಸ್ಸಲ್ಲಿ ನಾಚಿಕೆ ಆಗಲ್ವಾ?”

ಆ ಕಿವಿಯನ್ನು ದಾಟಿ ಒಂದು ಸುಳ್ಳು ಹೋಗುವುದೆಂದರೆ ಸಾಮಾನ್ಯವಲ್ಲ. ಅವಳು ಬಹಳ ಹೊತ್ತು ನೋಡಿದಳು. ಆಮೇಲೆ ನನ್ನ ಕೈಯಿಂದ ಟವೆಲ್ ಕಿತ್ತುಕೊಂಡು, “ಇದು ಮಡಿಸೋ ರೀತಿನಾ?” ಎಂದು ಬಿಡಿಸಿ ಮತ್ತೆ ಮಡಿಸಿದಳು. ಶುಕ್ರವಾರ ಬೆಳಿಗ್ಗೆ ಹಾಲಿನವನಿಗೆ ಸರಿಯಾಗಿ ಬೈಗುಳ ಬಿತ್ತು. ನಾನು ಒಳಗೆ ಹಲ್ಲುಜ್ಜುತ್ತ ಕೇಳಿಸಿಕೊಂಡು ನೆಮ್ಮದಿಯ ಉಸಿರು ಬಿಟ್ಟೆ.

ಶನಿವಾರ ಬೆಲ್ಟು ಬಂತು. ಭಾನುವಾರ ಮಧ್ಯಾಹ್ನ ಡೆಕ್ಕನ್ನು ಊಟದ ಮೇಜಿನ ಮೇಲಿಟ್ಟು, ರೀಲಿನ ಸದ್ದು ಓದುವ ಹೆಡ್ಡಿಗೆ ಸ್ಪಿರಿಟ್ ಒರೆಸಿ, ಎರಡನೆಯ ಬದಿ ಹಾಕಿದೆ. ನನಗೆ ಹೆದರಿಕೆ ಇರಲಿಲ್ಲ. ಕತ್ತರಿಸಿದ ಜಾಗವಂತೂ ಇದ್ದೇ ಇರುತ್ತದೆ. ಬೇಕಂತ ಕತ್ತರಿಸಿದ್ದೋ ಜಜ್ಜಿದ್ದಕ್ಕೆ ಕತ್ತರಿಸಿದ್ದೋ ರೀಲಿಗೆ ಗೊತ್ತಿಲ್ಲ. ಅವಳು ಹೊಸ ಸೀರೆ ಉಟ್ಟಿದ್ದಳು. ಯಾಕೆ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

ಮೊದಲ ಹಾಡು ಶುರುವಾಗಿ ಸ್ವಲ್ಪ ಹೊತ್ತಿಗೆ ‘ಟಕ್’ ಎಂದಿತು. ಸಣ್ಣ ಸದ್ದು. ನನಗೂ ಕೇಳಿಸಿತು, ಅವಳಿಗೂ ಕೇಳಿಸಿತು.

“ಇದೇನು?” ಅಂದಳು.

ನಾನು ಅಂಟಿಸಿದ ಜಾಗ ಅದು. ಅವಳ ಸಾಲು ಇರುವುದು ಈ ಬದಿಯ ಮೂರನೆಯ, ಅಂದರೆ ಒಟ್ಟು ಎಂಟನೆಯ ಹಾಡಿನಲ್ಲಿ. ಇನ್ನೊಂದು ಕಡೆಯೂ ಜಜ್ಜಿತ್ತೇನೋ, ನಾನು ಮರೆತಿರಬಹುದು ಎಂದು ಆಸೆ ಇಟ್ಟುಕೊಂಡು ಕೂತೆ. ಎರಡನೆಯ ಹಾಡು ಮುಗಿಯಿತು. ಮೂರನೆಯದು ಬಂತು. ಗಿಟಾರುಗಳ ಗದ್ದಲದ ನಡುವೆ ಆ ಗೊಣಗುವವನು ಹೇಳಿದ, ‘ಇಷ್ಟು ದಿನ ನೀನಿಲ್ಲೇ ಇದ್ದೆ.’ ಟಕ್ ಎನ್ನುವ ಸದ್ದು ಎಲ್ಲೂ ಇಲ್ಲ. ಅಖಂಡ ರೀಲು.

ಅವಳು ಹಿಂದಕ್ಕೆ ಓಡಿಸಿ ಮತ್ತೆ ಕೇಳಿದಳು. ಮೂರನೆಯ ಸಲ ಬೆರಳಿನಿಂದ ಮೇಜಿನ ಮೇಲೆ ತಾಳ ಹಾಕುತ್ತ ಕೇಳಿದಳು. ಲಯ ಎಲ್ಲೂ ತಪ್ಪಲಿಲ್ಲ.

“ನಿಧಾನ ಮಾಡಿ,” ಅಂದಳು.

“ಬೇಡ ಬಿಡೇ.”

“ಮಾಡಿ.”

ಮೋಟಾರಿನ ಬೆನ್ನಿಗೆ ಒಂದು ಸಣ್ಣ ತೂತಿರುತ್ತದೆ, ಒಳಗೆ ಸ್ಪೀಡಿನ ಸ್ಕ್ರೂ. ಅದನ್ನು ತಿರುಗಿಸಿದೆ. ಹಾಡು ಕುಂಟತೊಡಗಿತು, ದನಿ ಗುಹೆಗೆ ಇಳಿಯಿತು, ಡ್ರಮ್ಮಿನ ಒಂದೊಂದು ಏಟೂ ಬೇರೆ ಬೇರೆಯಾಯಿತು. ‘ನೀ... ನಿ... ಲ್ಲ...’ ಅಲ್ಲಿ ಒಂದು ಏಟು ಬಿತ್ತು. ಆ ಏಟಿನ ಅಡಿಯಲ್ಲಿ, ಹಾಸಿಗೆಯ ಕೆಳಗೆ ಸೇರಿಕೊಂಡ ಅಂಗಿಯ ಗುಂಡಿಯ ಹಾಗೆ, ‘ದೇ’ ಇತ್ತು. ಮೊದಲಿನಿಂದಲೂ ಇತ್ತು. ಕಂಪನಿಯವರು ಈಗ ಡ್ರಮ್ಮನ್ನು ತೊಳೆದಾಗ ಅದು ಮೇಲೆ ಬಂದಿತ್ತು, ಅಷ್ಟೆ. ಗೋಡೆ ಗಡಿಯಾರದ ಟಿಕ್ ತಪ್ಪಿದ್ದನ್ನು ಹಿಡಿಯುವ ಕಿವಿ, ಸಾವಿರ ಸಲ ಕೇಳಿದ ಹಾಡಿನಲ್ಲಿ ಒಂದು ಅಕ್ಷರವನ್ನು ಇಪ್ಪತ್ತೆಂಟು ವರ್ಷ ಕೇಳಿಸಿಕೊಂಡಿರಲಿಲ್ಲ.

ಡೆಕ್ ಆರಿಸಿದೆ. ಅವಳು ನನ್ನ ಕಡೆ ತಿರುಗಿದಳು.

“ಕತ್ತರಿಸಿದೆ ಅಂದ್ರಲ್ಲ.”

“ಅಂದೆ.”

“ಬೇಕಂತ್ಲೇ ಅಂದ್ರಿ. ಬ್ಲೇಡಿತ್ತು, ತೆಗೆದೆ ಅಂದ್ರಿ.”

“ಹೌದು.”

“ನಡೀದೇ ಇರೋ ಕಳ್ಳತನಾನ ಯಾರಾದ್ರೂ ಒಪ್ಕೋತಾರಾ?”

“ನಿನಗೆ ಕಳ್ಳ ಬೇಕಾಗಿದ್ದ. ನಾನೇ ಆದ್ರೆ ವಾಸಿ ಅನ್ನಿಸ್ತು.”

ಅವಳ ಕಣ್ಣು ತುಂಬಿಕೊಂಡಿತ್ತು, ಒರೆಸಿಕೊಳ್ಳಲೂ ಇಲ್ಲ. ಇನ್ನು ಇವಳು ಏನು ಹೇಳಿದರೂ ಕೇಳಬೇಕಾದದ್ದೇ ಎಂದು ನಾನು ಸ್ಕ್ರೂಡ್ರೈವರ್ ಹಿಡಿದುಕೊಂಡು ಕೂತಿದ್ದೆ. ಜೀವನಪೂರ್ತಿ ಕೇಳಲು ಹೆದರಿದ ಪ್ರಶ್ನೆ ಬೇರೆ ರೂಪದಲ್ಲಿ ಬಾಯಿಗೆ ಬಂತು.

“ಅಲ್ಲಿಲ್ದೇ ಇರೋ ಮಾತು ನಿನಗೆ ಹೇಗೆ ಕೇಳಿಸ್ತು?”

ಅವಳು ಕ್ಯಾಸೆಟ್ಟನ್ನು ಹೊರತೆಗೆದು, ಸಡಿಲವಾಗಿದ್ದ ರೀಲನ್ನು ಕಿರುಬೆರಳಿನಿಂದ ಸುತ್ತಿ ಬಿಗಿ ಮಾಡಿದಳು. ಮುಖ ಕೆಂಪಾಗಿತ್ತು. ಐವತ್ತೆರಡು ವರ್ಷದ ಹೆಂಗಸು ಹಾಗೆ ನಾಚಿದ್ದನ್ನು ನಾನು ನೋಡಿರಲಿಲ್ಲ.

“ನಮ್ಮ ಮನೆ ಎದುರಿಗೇ ಒಂದು ರಿಪೇರಿ ಅಂಗಡಿ ಇತ್ತು ಕಣ್ರೀ,” ಅಂದಳು. “ಅಲ್ಲಿ ಕೊಟ್ಟಿದ್ರೆ ಅವತ್ತು ಸಂಜೇನೇ ಸಿಗ್ತಿತ್ತು. ನಾನು ಮೂರು ದಿನ ಬ್ಯಾಗಲ್ಲಿಟ್ಕೊಂಡು ಓಡಾಡಿ, ಧೈರ್ಯ ಬಂದ್ಮೇಲೆ ನಿಮ್ಮ ಹತ್ರ ತಂದೆ.”